ದಾಸವಾಳ ಅಂದರೆ ಯಾವ ದಾಸವಾಳ? ಗಿಡ ಆರಿಸುವ ಮೊದಲು ಬಳಗ ಕೇಳಿ, ತವರು ಕೇಳಿ

ಆ ಗಿಡವನ್ನು ಕಿತ್ತು ಎಸೆಯಲು ಗುದ್ದಲಿ ಹಿಡಿದು ನಿಂತಿದ್ದೆ. ಎಲೆಯೆಲ್ಲ ಉದುರಿ ಬರೀ ಕಡ್ಡಿಗಳು ಉಳಿದಿದ್ದವು. ನೀರು ಹಾಕಿದರೂ ಅಷ್ಟೇ, ಗೊಬ್ಬರ ಹಾಕಿದರೂ ಅಷ್ಟೇ. ಕೊನೆಗೊಮ್ಮೆ ನೋಡೋಣ ಎಂದು ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದೆ. ಒಳಗೆ ಹಸಿರು, ಕೈಗೆ ತಂಪಾದ ತೇವ. ಗಿಡ ಸತ್ತಿರಲಿಲ್ಲ, ಮಲಗಿತ್ತು.

ಅದನ್ನು ನನಗೆ ಮಾರಿದವರು ಚೀಟಿಯಲ್ಲಿ ‘ಹೈಬಿಸ್ಕಸ್’ ಎಂದಷ್ಟೇ ಬರೆದಿದ್ದರು. ನಾನು ಅದನ್ನು ವರ್ಷವಿಡೀ ಹಸಿರಾಗಿರುವ ಮಾಮೂಲಿ ಕೆಂಪು ದಾಸವಾಳದ ಹಾಗೆಯೇ ಸಾಕುತ್ತಿದ್ದೆ. ಆದರೆ ಅದು ಹೈಬಿಸ್ಕಸ್ ಸಿರಿಯಾಕಸ್. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುವುದು ಅದರ ಹುಟ್ಟುಗುಣ. ಹೆಸರಿನ ಮುಂದಿನ ಆ ಎರಡನೇ ಪದ ಚೀಟಿಯಲ್ಲಿ ಇದ್ದಿದ್ದರೆ ನಾನು ಗುದ್ದಲಿ ಹಿಡಿಯುತ್ತಲೇ ಇರಲಿಲ್ಲ.

ಅಂದಿನಿಂದ ಯಾರಾದರೂ ‘ದಾಸವಾಳ ನೆಡಬೇಕು, ಯಾವುದು ಒಳ್ಳೆಯದು?’ ಎಂದರೆ ನಾನು ಎರಡೇ ಮಾತು ಕೇಳುತ್ತೇನೆ. ಅದು ಯಾವ ಬಳಗದ್ದು? ಅದರ ತವರು ಎಲ್ಲಿ? ಬಣ್ಣ, ಎಸಳು, ಗಾತ್ರ ಎಲ್ಲ ಆಮೇಲೆ. ಗಿಡ ಚಳಿ ತಡೆಯುತ್ತದೋ ಇಲ್ಲವೋ, ನೆರಳು ಬೇಕೋ ಬಿಸಿಲು ಬೇಕೋ, ಕಾಲಡಿ ನೀರು ನಿಂತರೆ ಬದುಕುತ್ತದೋ ಕೊಳೆಯುತ್ತದೋ ಎಂಬುದನ್ನು ತವರು ಹೇಳುತ್ತದೆ. ಯಾವುದರ ಜೊತೆ ತಳಿ ಕೂಡಿಸಬಹುದು, ಬೀಜ ಹೇಗೆ ಬರುತ್ತದೆ ಎಂಬುದನ್ನು ಬಳಗ ಹೇಳುತ್ತದೆ.

ಮೊದಲು ಒಂದು ಹೂವನ್ನು ಬಿಡಿಸಿ ನೋಡಿ

ಒಂದೆಸಳಿನ ಕೆಂಪು ದಾಸವಾಳ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸುತ್ತಿನ ದಾಸವಾಳ ಬೇಡ, ಅದರಲ್ಲಿ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ, ಗುರುತು ಸಿಗುವುದಿಲ್ಲ.

ಹೂವನ್ನು ತಲೆಕೆಳಗು ಮಾಡಿ. ತೊಟ್ಟಿನ ಹತ್ತಿರ ಹಸಿರು ಬಟ್ಟಲು ಕಾಣುತ್ತದೆ. ಅದರ ಹೊರಗೆ ಇನ್ನೊಂದು ಸುತ್ತು ತೆಳ್ಳಗಿನ ಹಸಿರು ಕಡ್ಡಿಗಳಿವೆ, ಅಲ್ವಾ? ಬಟ್ಟಲಿಗೆ ಇನ್ನೊಂದು ಹೊರಬಟ್ಟಲು. ಈ ಹೊರಸುತ್ತು ಇದೆಯೇ ಇಲ್ಲವೇ ಎನ್ನುವುದು ಈ ಕುಟುಂಬದಲ್ಲಿ ದೊಡ್ಡ ಗುರುತು. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಐದೂ ಎಸಳುಗಳನ್ನು ನಿಧಾನಕ್ಕೆ ಕಿತ್ತುಬಿಡಿ. ನಡುವೆ ಉದ್ದನೆಯ ಕೋಲು ಉಳಿಯುತ್ತದೆ. ಅದು ಗಟ್ಟಿ ಕೋಲಲ್ಲ, ಕೊಳವೆ. ಕೇಸರಗಳ ಕಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕೊಳವೆಯಾಗಿವೆ. ಅದರ ಮೈಯಿಂದ ಹಳದಿ ಪುಡಿಯ ಪುಟ್ಟ ಗುಂಡುಗಳು ಚಾಚಿಕೊಂಡಿವೆ. ಉಗುರಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಒಳಗೊಂದು ಬಿಳಿ ನೂಲು ಸಿಗುತ್ತದೆ. ಆ ನೂಲೇ ಮೇಲೆ ಹೋಗಿ ಐದಾಗಿ ಕವಲೊಡೆದು, ತುದಿಯಲ್ಲಿ ಐದು ಕೆಂಪು ಮಖಮಲ್ಲಿನ ಚುಕ್ಕೆಗಳಾಗುತ್ತದೆ. ಪರಾಗ ಬಂದು ಕೂರಬೇಕಾದ ಜಾಗ ಅದೇ.

ಈ ಕೇಸರ ಕೊಳವೆಯನ್ನೇ ಹತ್ತಿ ಹೂವಿನಲ್ಲೂ ಬೆಂಡೆ ಹೂವಿನಲ್ಲೂ ಕಾಣಬಹುದು. ಎಲ್ಲವೂ ಮಾಲ್ವೇಸಿ ಕುಟುಂಬದವು, ನಮ್ಮ ಮಾತಿನಲ್ಲಿ ದಾಸವಾಳದ ಕುಟುಂಬ. ಹಿಂದೆ ಇದು ಇನ್ನೂ ಚಿಕ್ಕದಿತ್ತು. ಬೂರುಗ, ಕೋಕೋ, ಸೆಣಬು ಇವುಗಳಿಗೆ ಬೇರೆ ಬೇರೆ ಕುಟುಂಬಗಳಿದ್ದವು. ಡಿಎನ್‌ಎ ನೋಡಿ ಸಸ್ಯಗಳನ್ನು ವಿಂಗಡಿಸುವ ಕೆಲಸ ಶುರುವಾದ ಮೇಲೆ, 1998ರಲ್ಲಿ ಎಪಿಜಿ ಎಂಬ ಸಸ್ಯತಜ್ಞರ ಗುಂಪು ಮಾಡಿದ ವರ್ಗೀಕರಣದಲ್ಲಿ ಅವೆಲ್ಲವನ್ನೂ ಒಂದೇ ಸೂರಿನಡಿ ತಂದರು. ಈಗ ಈ ಕುಟುಂಬದಲ್ಲಿ ಒಂಬತ್ತು ಉಪಕುಟುಂಬ, ಸುಮಾರು 240 ಕುಲ, 4,000ಕ್ಕೂ ಜಾಸ್ತಿ ಪ್ರಭೇದಗಳಿವೆ.

ಗಿಡ ಆರಿಸುವವರಿಗೆ ಅಷ್ಟೆಲ್ಲ ಬೇಡ. ಮಾಲ್ವಾಯ್ಡಿಯೆ ಎಂಬ ಒಂದು ಉಪಕುಟುಂಬ ಸಾಕು. ಅದರೊಳಗೆ ಮೂರು ಬಳಗಗಳನ್ನು ಗುರುತಿಸಲು ಕಲಿತರೆ ನರ್ಸರಿಯಲ್ಲಿ ‘ದಾಸವಾಳ’ ಎಂದು ಸಿಗುವ ಹೆಚ್ಚುಕಡಿಮೆ ಎಲ್ಲ ಪೊದೆಗಳೂ ಗೊತ್ತಾಗುತ್ತವೆ. ಒಂದು, ದಾಸವಾಳದ ಬಳಗ. ನೂಲು ತುದಿಯಲ್ಲಿ ಕವಲೊಡೆಯುತ್ತದೆ. ಎರಡು, ಹತ್ತಿಯ ಬಳಗ. ನೂಲು ಕವಲೊಡೆಯದೆ ಗದೆಯಂತೆ ದಪ್ಪವಾಗಿರುತ್ತದೆ, ಗಿಡದ ಮೈಮೇಲೆ ಸಣ್ಣ ಕಪ್ಪು ಚುಕ್ಕೆಯಂಥ ಗ್ರಂಥಿಗಳಿರುತ್ತವೆ. ಮೂರು, ಮಾಲ್ವ ಬಳಗ. ಇದರಲ್ಲಿ ಕೊಳವೆಯ ತುತ್ತತುದಿಯವರೆಗೂ ಪರಾಗದ ಗುಂಡುಗಳಿರುತ್ತವೆ, ಕಾಯಿ ಒಣಗಿದಾಗ ಚಕ್ರದ ಹೋಳುಗಳಂತೆ ಬಿಡಿಬಿಡಿಯಾಗುತ್ತದೆ.

ಮುಖ್ಯ ಪೈಪೋಟಿ: ರೋಸಾ-ಸೈನೆನ್ಸಿಸ್ ಮತ್ತು ಸಿರಿಯಾಕಸ್

ಹೆಚ್ಚಿನವರ ಪ್ರಶ್ನೆ ಈ ಎರಡರ ನಡುವೆಯೇ. ರೋಸಾ-ಸೈನೆನ್ಸಿಸ್ ಅಂದರೆ ನಮ್ಮ ಮಾಮೂಲಿ ಕೆಂಪು ದಾಸವಾಳ. ಎರಡೂ ದಾಸವಾಳದ ಬಳಗ, ಎರಡೂ ಹೈಬಿಸ್ಕಸ್ ಕುಲ. ಎರಡಕ್ಕೂ ಹೆಸರಿಟ್ಟವರು ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್, ಅದೂ ಒಂದೇ ವರ್ಷ, 1753ರಲ್ಲಿ. ಎರಡರ ಹೆಸರಿನಲ್ಲೂ ಊರಿದೆ. ಎರಡೂ ತಪ್ಪು ವಿಳಾಸ!

ಸಿರಿಯಾಕಸ್ ಎಂದರೆ ಸಿರಿಯಾದ್ದು. ತೋಟಗಾರರ ಕೈಯಿಂದ ಕೈಗೆ ಸಾಗಿ ಅದು ಪಶ್ಚಿಮ ಏಷ್ಯಾ ತಲುಪಿದ್ದು ನಿಜ. ಆದರೆ ಅದರ ತವರು ಚೀನಾದ ದಕ್ಷಿಣ ಭಾಗ ಮತ್ತು ತೈವಾನ್. ಕೊರಿಯಾದಲ್ಲಿ ಅದು ಎಷ್ಟು ಹಳೆಯ ನಂಟೆಂದರೆ ದಕ್ಷಿಣ ಕೊರಿಯಾದ ರಾಷ್ಟ್ರೀಯ ಹೂವೇ ಅದು, ಅಲ್ಲಿನವರು ಮುಗುಂಗ್ವಾ ಎನ್ನುತ್ತಾರೆ.

ರೋಸಾ-ಸೈನೆನ್ಸಿಸ್ ಎಂದರೆ ಚೀನಾದ ಗುಲಾಬಿ. ಇದರ ಕತೆ ಇನ್ನೂ ಸೊಗಸು. ಈ ಕೆಂಪು ದಾಸವಾಳವನ್ನು ಚೀನಾದ ಯಾವ ಕಾಡಿನಲ್ಲೂ ಯಾರೂ ತಾನಾಗಿ ಬೆಳೆದದ್ದನ್ನು ಕಂಡಿಲ್ಲ. ಬೇರೆಲ್ಲೂ ಕಂಡಿಲ್ಲ. ಇದು ಕಾಡುಗಿಡವೇ ಅಲ್ಲ, ಮನುಷ್ಯರು ಕೂಡಿಸಿದ ಮಿಶ್ರತಳಿ. ಇತ್ತೀಚಿನ ಡಿಎನ್‌ಎ ಅಧ್ಯಯನಗಳು ಇದರ ತಂದೆತಾಯಿಯನ್ನು ಪೆಸಿಫಿಕ್ ಸಾಗರದಲ್ಲಿ ಹುಡುಕಿವೆ. ಒಂದು ವನುವಾಟು ದ್ವೀಪಗಳ ಹೈಬಿಸ್ಕಸ್ ಕೂಪರಿ, ಇನ್ನೊಂದು ತಾಹಿತಿ ಕಡೆಯ ಹೈಬಿಸ್ಕಸ್ ಕೌಟೆ. ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಿದ್ದ ಪಾಲಿನೇಷ್ಯಾದ ಜನ ಕಡ್ಡಿಗಳನ್ನೂ ಜೊತೆಗೆ ಒಯ್ಯುತ್ತಿದ್ದರು. ಎರಡು ದೂರದ ದ್ವೀಪಗಳ ಗಿಡಗಳು ಹಾಗೆ ಒಂದೇ ಅಂಗಳ ಸೇರಿದವು. ಏಷ್ಯಾಕ್ಕೆ ಬಂದದ್ದು ಆಮೇಲೆ. ಮಲೇಷ್ಯಾ 1960ರಲ್ಲಿ ಇದನ್ನೇ ರಾಷ್ಟ್ರೀಯ ಹೂವಾಗಿ ಘೋಷಿಸಿಕೊಂಡಿತು.

ಇದೆಲ್ಲ ಕತೆಗೆ ಚೆನ್ನ, ಗಿಡ ಆರಿಸಲು ಏನು ಉಪಯೋಗ ಎನ್ನಬೇಡಿ. ಉತ್ತರ ಇಲ್ಲೇ ಇದೆ. ಒಂದರ ತವರು ಹಿಮ ಎಂದರೇನೆಂದೇ ಗೊತ್ತಿಲ್ಲದ ಸಮುದ್ರದ್ವೀಪ. ಇನ್ನೊಂದರ ತವರು ಚಳಿಗಾಲ ಇರುವ ಬೆಟ್ಟಗುಡ್ಡ. ಹಾಗಾಗಿ ರೋಸಾ-ಸೈನೆನ್ಸಿಸ್ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸುಮಾರು ದಿನ ಇದ್ದರೆ ಎಲೆ ಹಳದಿ ಮಾಡಿಕೊಂಡು ಮುನಿಸಿಕೊಳ್ಳುತ್ತದೆ, ನೀರು ಹೆಪ್ಪುಗಟ್ಟುವ ಚಳಿ ಬಂದರೆ ಸಾಯುತ್ತದೆ. ಸಿರಿಯಾಕಸ್ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ಬರೀ ಕಡ್ಡಿಯಾಗಿ ನಿಂತು ಕಳೆಯುತ್ತದೆ.

ನಿಮ್ಮ ಜಾಗದಲ್ಲಿ ಹಿಮ ಬೀಳುತ್ತದೆಯೇ? ಹಾಗಾದರೆ ಯೋಚನೆಯೇ ಬೇಡ, ಸಿರಿಯಾಕಸ್. ರೋಸಾ-ಸೈನೆನ್ಸಿಸ್ ಬೇಕೇ ಬೇಕೆಂದರೆ ಕುಂಡದಲ್ಲಿಟ್ಟು ಚಳಿಗಾಲದಲ್ಲಿ ಒಳಗೆ ತರಬೇಕು. ಹಿಮವೇ ಇಲ್ಲದ, ವರ್ಷವಿಡೀ ಬೆಚ್ಚಗಿರುವ ಜಾಗವೇ? ರೋಸಾ-ಸೈನೆನ್ಸಿಸ್ ಹನ್ನೆರಡು ತಿಂಗಳೂ ಹೂ ಕೊಡುತ್ತದೆ. ಸಿರಿಯಾಕಸ್ ಅಲ್ಲಿ ಬದುಕಬಹುದು, ಆದರೆ ಅದಕ್ಕೆ ಒಂದಿಷ್ಟು ಚಳಿ ಸಿಕ್ಕರೆ ಖುಷಿ. ಅದು ಬೇಸಿಗೆಯಿಂದ ಶರತ್ಕಾಲದವರೆಗೆ ಮಾತ್ರ ಹೂ ಬಿಡುತ್ತದೆ.

ಚೀಟಿ ಇಲ್ಲದ ಗಿಡ ಎದುರಿಗಿದ್ದರೆ ಎಲೆ ಮುಟ್ಟಿ ನೋಡಿ. ರೋಸಾ-ಸೈನೆನ್ಸಿಸ್ ಎಲೆ ಎಣ್ಣೆ ಸವರಿದಂತೆ ಮಿರಮಿರ ಹೊಳೆಯುತ್ತದೆ, ದಟ್ಟ ಹಸಿರು, ಅಂಚಿನಲ್ಲಿ ಹಲ್ಲು. ಸಿರಿಯಾಕಸ್ ಎಲೆಗೆ ಹೊಳಪು ಕಡಿಮೆ, ಗಾತ್ರ ಚಿಕ್ಕದು, ಸಾಮಾನ್ಯವಾಗಿ ಮೂರು ಮೂಲೆ. ಹೂವಿನಲ್ಲಿ ಇನ್ನೂ ಸುಲಭ. ರೋಸಾ-ಸೈನೆನ್ಸಿಸ್ ಕೋಲು ಎಸಳುಗಳಿಂದಾಚೆ ಉದ್ದಕ್ಕೆ ಚಾಚಿರುತ್ತದೆ. ಸಿರಿಯಾಕಸ್ ಕೋಲು ಗಿಡ್ಡ, ಬಟ್ಟಲಿನೊಳಗೇ ಉಳಿಯುತ್ತದೆ, ಬುಡದಲ್ಲಿ ಹೆಚ್ಚಾಗಿ ಕಡುಗೆಂಪು ಕಲೆ ಇರುತ್ತದೆ.

ಬೀಜದ ವಿಷಯದಲ್ಲಿ ಒಂದು ಎಚ್ಚರಿಕೆ. ರೋಸಾ-ಸೈನೆನ್ಸಿಸ್ ಬೀಜ ಕಟ್ಟುವುದು ಅಪರೂಪ, ಕಡ್ಡಿ ಊರಿಯೇ ಬೆಳೆಸಬೇಕು. ಸಿರಿಯಾಕಸ್ ತದ್ವಿರುದ್ಧ. ಕಾಯಿ ಬಿರಿದರೆ ಬೆನ್ನಿಗೆ ಕೂದಲ ಅಂಚು ಕಟ್ಟಿದ ಬೀಜಗಳು ಉದುರಿ ಸುತ್ತಲೂ ಸಸಿಗಳೇ ಸಸಿಗಳು. ಆ ಕೀಳುವ ಕೆಲಸ ಬೇಡದವರಿಗಾಗಿ ಅಮೆರಿಕದ ನ್ಯಾಷನಲ್ ಅರ್ಬೊರೀಟಮ್‌ನಲ್ಲಿ ಡೊನಾಲ್ಡ್ ಎಗಾಲ್ಫ್ ವರ್ಣತಂತುಗಳ ಎರಡು ಕಟ್ಟಿನ ಬದಲು ಮೂರು ಕಟ್ಟುಗಳಿರುವ ತಳಿಗಳನ್ನು ಬೆಳೆಸಿದರು. ಡಯಾನಾ, ಹೆಲೀನ್, ಮಿನರ್ವಾ, ಆಫ್ರೊಡೈಟಿ ಎಂಬ ಹೆಸರಿನವು. ಇವು ಬೀಜಕ್ಕೆ ಶಕ್ತಿ ವ್ಯಯಿಸುವುದಿಲ್ಲ, ಅದಕ್ಕೇ ಹೂವು ದೊಡ್ಡದು, ಹೂ ಬಿಡುವ ಕಾಲವೂ ಉದ್ದ. ಸಿರಿಯಾಕಸ್ ಆರಿಸುವುದಾದರೆ ಡಯಾನಾ ನನ್ನ ಮೊದಲ ಆಯ್ಕೆ. ಕಲೆಯಿಲ್ಲದ ಅಚ್ಚ ಬಿಳಿ ಹೂವು.

ಕತ್ತರಿ ಹಾಕುವುದು ಯಾವಾಗ ಎಂದು ಬಹಳ ಜನ ಕೇಳುತ್ತಾರೆ. ಎರಡೂ ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡಗಳು. ಸಿರಿಯಾಕಸ್‌ಗೆ ಚಳಿಗಾಲದ ಕೊನೆಯಲ್ಲಿ, ಚಿಗುರುವ ಮೊದಲು ಸವರಿ. ಚಿಗುರು ತಡವಾಗಿ ಬರುತ್ತದೆ, ಸುತ್ತಲಿನ ಗಿಡಗಳೆಲ್ಲ ಹಸಿರಾದ ಮೇಲೂ ಇದು ಸುಮ್ನೆ ನಿಂತಿರುತ್ತದೆ. ಗಾಬರಿ ಬೇಡ, ತೊಗಟೆ ಕೆರೆದು ನೋಡಿ. ರೋಸಾ-ಸೈನೆನ್ಸಿಸ್‌ಗೆ ಸೆಕೆ ಶುರುವಾಗುವ ಹೊತ್ತಿಗೆ ಸವರಿದರೆ ಸಾಕು, ಒಂದೇ ಸಲ ಎಲ್ಲ ಕೊಂಬೆ ಕಡಿಯಬೇಡಿ. ಇನ್ನೊಂದು ಮಾತು, ಮಣ್ಣಿನಲ್ಲಿ ಸುಣ್ಣದಂಶ ಜಾಸ್ತಿಯಿದ್ದರೆ ರೋಸಾ-ಸೈನೆನ್ಸಿಸ್‌ಗೆ ಕಬ್ಬಿಣದಂಶ ಸಿಗದೆ ಎಲೆಯ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಸಿರಿಯಾಕಸ್ ಅಂಥ ಮಣ್ಣನ್ನೂ ಸಹಿಸಿಕೊಳ್ಳುತ್ತದೆ.

ದೊಡ್ಡ ಹೂವು ಬೇಕೆನ್ನುವವರಿಗೆ

ಇಲ್ಲಿ ಎರಡು ಗಿಡಗಳು ಎದುರುಬದುರು ನಿಲ್ಲುತ್ತವೆ. ಬೆಟ್ಟದಾವರೆ, ಅಂದರೆ ಹೈಬಿಸ್ಕಸ್ ಮ್ಯುಟಾಬಿಲಿಸ್. ಇನ್ನೊಂದು ಹೈಬಿಸ್ಕಸ್ ಮಾಸ್ಕಿಯುಟಾಸ್.

ಬೆಟ್ಟದಾವರೆಯ ತವರು ದಕ್ಷಿಣ ಚೀನಾ ಮತ್ತು ತೈವಾನ್. ಚೀನಾದ ಚೆಂಗ್ಡು ನಗರದ ಹೂವು ಇದೇ. ಎಲೆ ಅಂಗೈಯಷ್ಟು ಅಗಲ, ಐದೋ ಏಳೋ ಮೂಲೆ, ಮುಟ್ಟಿದರೆ ನುಣುಪಾದ ರೋಮ. ಇದರ ಹೂವನ್ನು ಒಂದು ದಿನ ಕೂತು ನೋಡಬೇಕು. ಬೆಳಿಗ್ಗೆ ಅರಳಿದಾಗ ಹಾಲಿನ ಬಿಳಿ. ಬಿಸಿಲೇರುತ್ತಿದ್ದಂತೆ ಎಸಳಿನ ಅಂಚಿನಲ್ಲಿ ನಸುಗೆಂಪು ಸುಳಿಯುತ್ತದೆ. ಮಧ್ಯಾಹ್ನಕ್ಕೆ ಗುಲಾಬಿ, ಸಂಜೆಗೆ ಕಡುಗೆಂಪು. ಮರುದಿನ ಬೆಳಿಗ್ಗೆ ಅದು ಮುದುಡಿ ತೂಗುತ್ತಿರುವಾಗ ಪಕ್ಕದಲ್ಲಿ ಹೊಸದು ಬಿಳಿಯಾಗಿ ಅರಳಿರುತ್ತದೆ. ಒಂದೇ ಕೊಂಬೆಯಲ್ಲಿ ಮೂರು ಬಣ್ಣ! ಆಂಥೊಸಯಾನಿನ್ ಎಂಬ ವರ್ಣದ್ರವ್ಯ ಎಸಳಿನಲ್ಲಿ ಗಂಟೆಗಂಟೆಗೂ ತಯಾರಾಗುತ್ತಾ ಹೋಗುವುದೇ ಇದಕ್ಕೆ ಕಾರಣ. ಹವೆ ತಂಪಾಗಿದ್ದರೆ ಈ ಕೆಲಸ ನಿಧಾನವಾಗುತ್ತದೆ, ಬಿಳಿ ಹೆಚ್ಚು ಹೊತ್ತು ಉಳಿಯುತ್ತದೆ.

ಮಾಸ್ಕಿಯುಟಾಸ್‌ನ ತವರು ಉತ್ತರ ಅಮೆರಿಕದ ಪೂರ್ವಭಾಗದ ಜೌಗು ನೆಲ, ಕೆರೆಯಂಚು, ನದಿಯಂಚು. ಇದನ್ನು ಪೊದೆ ಎನ್ನುವುದು ಅರ್ಧ ಸರಿ. ಬೇಸಿಗೆಯಲ್ಲಿ ಆಳೆತ್ತರ ಬೆಳೆದು, ಚಳಿಗೆ ನೆಲಮಟ್ಟಕ್ಕೆ ಒಣಗಿ, ಬೇರಿನಿಂದ ಮತ್ತೆ ಚಿಗುರುತ್ತದೆ. ಇದರಿಂದ ಬೆಳೆಸಿದ ತಳಿಗಳ ಹೂವು 25 ಸೆಂಟಿಮೀಟರ್ ಅಗಲ ಬರುತ್ತದೆ, ಊಟದ ತಟ್ಟೆಯಷ್ಟು. ನೀರು ನಿಲ್ಲುವ ಮೂಲೆಯೊಂದಿದ್ದು ಅಲ್ಲಿ ಏನು ನೆಟ್ಟರೂ ಕೊಳೆಯುತ್ತಿದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಗಿಡ ಈ ಕುಲದಲ್ಲಿಲ್ಲ. ಇದೇ ನೆಲದ ನಂಟಿನ ಹೈಬಿಸ್ಕಸ್ ಕಾಕ್ಸಿನಿಯಸ್ ಕೂಡ ಇದೆ, ಅಮೆರಿಕದ ಆಗ್ನೇಯ ಭಾಗದ ಜೌಗಿನದು. ನಕ್ಷತ್ರದಂತೆ ಬಿಡಿಬಿಡಿಯಾದ ಐದು ಕಡುಗೆಂಪು ಎಸಳು.

ಜಾಗ ದೊಡ್ಡದು, ಚಳಿ ಸಾಧಾರಣ, ಎತ್ತರದ ಪೊದೆ ಬೇಕು ಎಂದರೆ ಬೆಟ್ಟದಾವರೆ. ಎರಡು ಆಳೆತ್ತರ ದಾಟುತ್ತದೆ, ಕಡ್ಡಿ ಊರಿದರೆ ಸಲೀಸಾಗಿ ಬೇರು ಬಿಡುತ್ತದೆ. ಗಟ್ಟಿ ಚಳಿ, ಒದ್ದೆ ನೆಲ ಎಂದರೆ ಮಾಸ್ಕಿಯುಟಾಸ್. ಕುಂಡಕ್ಕೆ ಬೆಟ್ಟದಾವರೆ ಬೇಡ, ಅದರ ಬೇರಿಗೆ ಅಷ್ಟು ಜಾಗ ಸಾಲದು.

ತೂಗುವ ಕೆಂಪು: ಇಲ್ಲೇ ಹೆಚ್ಚು ಜನ ಮೋಸ ಹೋಗುವುದು

ಕೆಳಮುಖವಾಗಿ ತೂಗುವ ಕೆಂಪು ಹೂವಿನ ಎರಡು ಗಿಡಗಳು ಒಂದೇ ಹೆಸರಿನಲ್ಲಿ ಕೈ ಬದಲಾಗುತ್ತವೆ.

ಮೊದಲನೆಯದು ಹೈಬಿಸ್ಕಸ್ ಸ್ಕಿಜೊಪೆಟಾಲಸ್. ಎಸಳುಗಳು ಕಸೂತಿ ನೂಲಿನ ಹಾಗೆ ಸೀಳಿ ಸೀಳಿ ಹಿಂದಕ್ಕೆ ಮಡಚಿಕೊಂಡಿರುತ್ತವೆ. ಅದರ ಕೆಳಗೆ ಕೇಸರ ಕೊಳವೆ ಗಡಿಯಾರದ ಲೋಲಕದಂತೆ ಉದ್ದಕ್ಕೆ ತೂಗುತ್ತದೆ. ತವರು ಪೂರ್ವ ಆಫ್ರಿಕಾ, ಕೀನ್ಯಾ ಮತ್ತು ತಾಂಜಾನಿಯಾ ಕಡೆಯ ಕರಾವಳಿ ಕಾಡು. 1879ರಲ್ಲಿ ಇದನ್ನು ರೋಸಾ-ಸೈನೆನ್ಸಿಸ್‌ನ ಒಂದು ಬಗೆ ಎಂದು ಬರೆದರು. ಮರುವರ್ಷವೇ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಇದನ್ನು ಪ್ರತ್ಯೇಕ ಪ್ರಭೇದವಾಗಿಸಿದರು. ಹಾಗೆ ಗೊಂದಲವಾದದ್ದರಲ್ಲಿ ಆಶ್ಚರ್ಯವಿಲ್ಲ. ಇವೆರಡೂ ಎಷ್ಟು ಹತ್ತಿರದ ನೆಂಟರೆಂದರೆ ಸುಲಭವಾಗಿ ತಳಿ ಕೂಡುತ್ತವೆ. ತೋಟಗಳಲ್ಲಿ ಅರ್ಧ ಸೀಳಿದ ಎಸಳಿನ ದಾಸವಾಳ ಕಂಡರೆ ಅದು ಈ ಕೂಡಿಕೆಯ ಮಕ್ಕಳಲ್ಲೊಂದು ಎಂದುಕೊಳ್ಳಬಹುದು.

ಎರಡನೆಯದು ಮಾಲ್ವವಿಸ್ಕಸ್ ಪೆಂಡ್ಯುಲಿಫ್ಲೋರಸ್. ಇದರ ಹೂವು ಅರಳುವುದೇ ಇಲ್ಲ. ಎಸಳುಗಳು ಕೊಡೆ ಮಡಚಿದ ಹಾಗೆ ಸುತ್ತಿಕೊಂಡೇ ಇರುತ್ತವೆ. ‘ಮೊಗ್ಗು ಇನ್ನೂ ಬಿರಿದಿಲ್ಲ’ ಎಂದು ವಾರಗಟ್ಟಲೆ ಕಾದವರನ್ನು ನಾನು ಕಂಡಿದ್ದೇನೆ. ತವರು ಮೆಕ್ಸಿಕೋ ಕಡೆ. ಇದರ ನೆಂಟ ಮಾಲ್ವವಿಸ್ಕಸ್ ಅರ್ಬೊರಿಯಸ್ ಕೂಡ ಅಮೆರಿಕ ಖಂಡದ್ದೇ. ಅದರ ಹೂವು ಚಿಕ್ಕದು, ತೂಗದೆ ನೆಟ್ಟಗೆ ನಿಲ್ಲುತ್ತದೆ. ಆ ಮುಚ್ಚಿದ ಕೊಳವೆ ಹಮ್ಮಿಂಗ್ ಹಕ್ಕಿಯ ಕೊಕ್ಕಿಗೆ ಹೇಳಿ ಮಾಡಿಸಿದ್ದು. ಎಸಳು ಅಗಲಿಸಿ ಜೇನ್ನೊಣಕ್ಕೆ ಇಳಿದಾಣ ಮಾಡಿಕೊಡುವ ಅಗತ್ಯ ಇದಕ್ಕಿಲ್ಲ.

ಬಿಡಿಸಿ ನೋಡಿದರೆ ವ್ಯತ್ಯಾಸ ಖಚಿತ. ಹೈಬಿಸ್ಕಸ್‌ನ ನೂಲು ಐದು ಕವಲು. ಮಾಲ್ವವಿಸ್ಕಸ್‌ನದು ಹತ್ತು. ಕಾಯಿಯೂ ಬೇರೆ. ಹೈಬಿಸ್ಕಸ್ ಕಾಯಿ ಒಣಗಿ ಐದಾಗಿ ಬಿರಿಯುತ್ತದೆ, ಮಾಲ್ವವಿಸ್ಕಸ್ ಅರ್ಬೊರಿಯಸ್‌ನದು ತಿರುಳಿರುವ ಕೆಂಪು ಹಣ್ಣು.

ಆಯ್ಕೆ ಜಾಗದ ಮೇಲೆ ಬಿಟ್ಟದ್ದು. ಅರ್ಧ ನೆರಳಿನಲ್ಲಿ, ಹೆಚ್ಚು ಆರೈಕೆಯಿಲ್ಲದೆ ಬೇಲಿಯಂತೆ ತುಂಬಿಕೊಳ್ಳಬೇಕೆಂದರೆ ಮಾಲ್ವವಿಸ್ಕಸ್. ಹತ್ತಿರದಿಂದ ನೋಡುವ ಜಾಗ, ಕಿಟಕಿಯ ಪಕ್ಕ, ಕಣ್ಣಿನ ಎತ್ತರಕ್ಕೆ ಬಾಗಿದ ಕೊಂಬೆ ಎಂದರೆ ಸ್ಕಿಜೊಪೆಟಾಲಸ್. ಅದರ ಹೂವನ್ನು ದೂರದಿಂದ ನೋಡಿದರೆ ಏನೂ ಸಿಗುವುದಿಲ್ಲ.

ಹಳದಿ ಹೂವಿನ ಕಡಲಂಚಿನವು

ಉಪ್ಪುಗಾಳಿ ಬೀಸುವ ಜಾಗದವರಿಗೆ ಎರಡು ಗಿಡಗಳಿವೆ, ಎರಡೂ ಪೊದೆಯಾಗಿ ಶುರುವಾಗಿ ಮರವಾಗುತ್ತವೆ. ಹೈಬಿಸ್ಕಸ್ ಟಿಲಿಯೇಸಿಯಸ್ ಮತ್ತು ಹೂವರಸಿ, ಅಂದರೆ ಥೆಸ್ಪೀಸಿಯಾ ಪಾಪುಲ್ನಿಯಾ. ಎರಡರ ಎಲೆಯೂ ಹೃದಯದಾಕಾರ, ಹೂವು ಹಳದಿ, ನಡುವೆ ಕಡುಗೆಂಪು ಕಣ್ಣು. ಎರಡೂ ಸಂಜೆಗೆ ಬಣ್ಣ ಬದಲಿಸುತ್ತವೆ. ಎರಡರ ಬೀಜಕ್ಕೂ ಸಮುದ್ರವೇ ದಾರಿ, ಹಾಗಾಗಿ ಉಷ್ಣವಲಯದ ಕರಾವಳಿಯಲ್ಲಿ ಎಷ್ಟೋ ದೇಶಗಳಲ್ಲಿ ಇವು ಜೊತೆಜೊತೆಯಲ್ಲೇ ಇವೆ. ಲಿನೇಯಸ್ ಎರಡನ್ನೂ ಹೈಬಿಸ್ಕಸ್ ಎಂದೇ ಬರೆದಿದ್ದರು.

ಆದರೆ ಹೂವರಸಿ ಹತ್ತಿಯ ಬಳಗ. ನೂಲು ಕವಲೊಡೆಯುವುದಿಲ್ಲ, ಕಾಯಿ ಉಂಡೆಯಾಗಿ ಗಟ್ಟಿಯಾಗಿ ಬಿರಿಯದೆ ಕೊಂಬೆಯಲ್ಲೇ ನಿಲ್ಲುತ್ತದೆ. ಎಲೆ ತಿರುಗಿಸಿದರೂ ತಿಳಿಯುತ್ತದೆ. ಟಿಲಿಯೇಸಿಯಸ್ ಎಲೆಯ ಕೆಳಮೈ ಬೆಳ್ಳಗೆ ರೋಮ ಕಟ್ಟಿರುತ್ತದೆ, ಹೂವರಸಿಯದು ಎರಡೂ ಕಡೆ ನುಣುಪು. ಟಿಲಿಯೇಸಿಯಸ್‌ನ್ನು 2001ರಲ್ಲಿ ಸಸ್ಯವಿಜ್ಞಾನಿ ಪಾಲ್ ಫ್ರಿಕ್ಸೆಲ್ ತಾಲಿಪರಿಟಿ ಎಂಬ ಕುಲಕ್ಕೆ ಸೇರಿಸಿದರು, ಹಾಗಾಗಿ ಎರಡೂ ಹೆಸರು ಓದಲು ಸಿಗುತ್ತವೆ. ಸಣ್ಣ ಅಂಗಳಕ್ಕೆ ಇವೆರಡೂ ಬೇಡ. ಟಿಲಿಯೇಸಿಯಸ್ ಕೊಂಬೆಗಳು ಬಾಗಿ ನೆಲ ಹಿಡಿದು ಹಬ್ಬುತ್ತವೆ. ಹೂವರಸಿ ಸ್ವಲ್ಪ ಶಿಸ್ತಿನದು, ದುಂಡನೆಯ ನೆರಳು ಕೊಡುತ್ತದೆ.

ಹಳದಿ ದಾಸವಾಳವೇ ಬೇಕೆಂದು ಕೆಲವರು ಹವಾಯಿಯ ಹೈಬಿಸ್ಕಸ್ ಬ್ರ್ಯಾಕೆನ್‌ರಿಡ್ಜಿಯೈ ಹುಡುಕುತ್ತಾರೆ. 1988ರಿಂದ ಅದು ಹವಾಯಿ ರಾಜ್ಯದ ಹೂವು. ಆದರೆ ಅದು ಬೇರೆಲ್ಲೂ ಇಲ್ಲದ, ಅಳಿವಿನಂಚಿನ ಗಿಡ. ಅದನ್ನು ಅದರ ತವರಿನಲ್ಲಿ ಉಳಿಸುವವರ ಕೈಯಲ್ಲೇ ಬಿಡೋಣ. ರೋಸಾ-ಸೈನೆನ್ಸಿಸ್‌ನಲ್ಲೇ ಒಳ್ಳೆಯ ಹಳದಿ ತಳಿಗಳು ಬೇಕಾದಷ್ಟಿವೆ.

ನೀಲಿ, ಮತ್ತು ಗಂಟೆಯಂಥವು

‘ನೀಲಿ ದಾಸವಾಳ’ ಎಂದು ಸಿಗುವುದು ಎರಡರಲ್ಲಿ ಒಂದು. ಸಿರಿಯಾಕಸ್‌ನ ನೀಲಿ ತಳಿಗಳು ಒಂದು ಕಡೆ. ಇನ್ನೊಂದು ಕಡೆ ಅಲಿಯೋಗೈನ್ ಹ್ಯುಗೆಲಿಯೈ, ನೈಋತ್ಯ ಆಸ್ಟ್ರೇಲಿಯಾದ್ದು. ಇದರ ತವರಿನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣ. ಬೇಸಿಗೆಯಲ್ಲಿ ಮಳೆ ಸುರಿದು ಬೆವರು ಹರಿಯುವ ಜಾಗದಲ್ಲಿ ಇದನ್ನು ನೆಟ್ಟರೆ ಬೇರು ಕೊಳೆಯುತ್ತದೆ. ಒಣಹವೆ, ನೀರು ಬಸಿಯುವ ಮರಳು ಮಣ್ಣು ಇದ್ದರೆ ಮಾತ್ರ ಅಲಿಯೋಗೈನ್. ಇಲ್ಲದಿದ್ದರೆ ಸಿರಿಯಾಕಸ್.

ಪುಟ್ಟ ಲಾಟೀನಿನಂತೆ ತೂಗುವ ಅಬ್ಯುಟಿಲಾನ್‌ಗಳು ಮಾಲ್ವ ಬಳಗ. ಹೂವಿನ ಹಿಂಬದಿ ನೋಡಿ, ಹೊರಬಟ್ಟಲು ಇಲ್ಲ. ನಾನು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ತೋಟದ ಬಗೆಗಳಲ್ಲಿ ಹಲವು ದಕ್ಷಿಣ ಅಮೆರಿಕದವು, 2012ರಲ್ಲಿ ಅವನ್ನು ಕ್ಯಾಲಿಯಾಂತೆ ಎಂಬ ಹೊಸ ಕುಲವಾಗಿ ಬೇರ್ಪಡಿಸಿದರು. ಹೆಚ್ಚು ಬಿಸಿಲು ಬೀಳದ ಮೂಲೆ, ತಂಪು ಹವೆ, ಕುಂಡ ಇಷ್ಟಿದ್ದರೆ ಚೆನ್ನಾಗಿ ಹೊಂದಿಕೊಳ್ಳುತ್ತವೆ.

ಹೆಸರು ಯಾಕೆ ಹೀಗೆ ಬದಲಾಗುತ್ತಲೇ ಇರುತ್ತದೆ?

ಗಿಡಗಳ ಚೀಟಿ ನೋಡಿ ಬೇಸರಗೊಳ್ಳುವವರಿಗೆ ಇದನ್ನು ಹೇಳಲೇಬೇಕು. ಹೈಬಿಸ್ಕಸ್ ಎಂಬುದು ನಾವು ಅಂದುಕೊಂಡಷ್ಟು ಅಚ್ಚುಕಟ್ಟಾದ ಕುಲವಲ್ಲ. ಡಿಎನ್‌ಎ ಅಧ್ಯಯನಗಳ ಪ್ರಕಾರ ಮಾಲ್ವವಿಸ್ಕಸ್, ಬೆಂಡೆಯ ಕುಲವಾದ ಅಬೆಲ್‌ಮೊಸ್ಕಸ್, ಪವೋನಿಯಾ ಮುಂತಾದವು ಹೈಬಿಸ್ಕಸ್‌ನ ಕೊಂಬೆಗಳ ನಡುವೆಯೇ ಹುಟ್ಟಿಕೊಂಡಿವೆ. ಅಂದರೆ ಒಂದು ಹೈಬಿಸ್ಕಸ್‌ಗೆ ಇನ್ನೊಂದು ಹೈಬಿಸ್ಕಸ್‌ಗಿಂತ ಬೆಂಡೆಯೇ ಹತ್ತಿರದ ನೆಂಟ ಆಗಿರಬಹುದು. ಹಾಗಾದರೆ ಅವೆಲ್ಲವನ್ನೂ ಹೈಬಿಸ್ಕಸ್‌ಗೆ ಸೇರಿಸಬೇಕೇ, ಅಥವಾ ಹೈಬಿಸ್ಕಸ್‌ನ್ನೇ ಒಡೆಯಬೇಕೇ? ತಜ್ಞರ ನಡುವೆ ಇದು ಇನ್ನೂ ನಡೆಯುತ್ತಿರುವ ಮಾತು. ಹಾಗಾಗಿ ಕುಲದ ಹೆಸರಿಗಿಂತ ಎರಡನೇ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹೈಬಿಸ್ಕಸ್ ಟಿಲಿಯೇಸಿಯಸ್ ತಾಲಿಪರಿಟಿ ಟಿಲಿಯೇಸಿಯಮ್ ಆದಾಗಲೂ ಆ ಪದ ಬಾಲ ಬದಲಿಸಿತೇ ಹೊರತು ಕೈಬಿಡಲಿಲ್ಲ.

ತಳಿ ಕೂಡಿಸುವ ಆಸೆಯಿರುವವರಿಗೆ ಬಳಗ ಇನ್ನೂ ಮುಖ್ಯ. ಹೈಬಿಸ್ಕಸ್ ಕುಲದೊಳಗೆ ಲಿಲಿಬಿಸ್ಕಸ್ ಎಂಬ ಒಂದು ಗುಂಪಿದೆ. ರೋಸಾ-ಸೈನೆನ್ಸಿಸ್, ಸ್ಕಿಜೊಪೆಟಾಲಸ್, ಹವಾಯಿಯ ಬಿಳಿ ಪರಿಮಳದ ಆರ್ನಾಟಿಯಾನಸ್, ಮಾರಿಷಸ್‌ನ ಫ್ರಾಜಿಲಿಸ್, ರೊಡ್ರಿಗಸ್ ದ್ವೀಪದ ಲಿಲಿಯಿಫ್ಲೋರಸ್ ಇವೆಲ್ಲ ಅದರಲ್ಲಿವೆ. ಸಾವಿರಾರು ಮೈಲಿ ದೂರದ ಜಾಗಗಳವು, ಆದರೂ ಇವುಗಳ ನಡುವೆ ತಳಿ ಕೂಡುತ್ತದೆ. ಇಂದಿನ ಬಣ್ಣಬಣ್ಣದ ತೋಟದ ದಾಸವಾಳಗಳು ಇಂಥ ಕೂಡಿಕೆಯಿಂದಲೇ ಬಂದವು. ರೋಸಾ-ಸೈನೆನ್ಸಿಸ್‌ಗೆ ಸಿರಿಯಾಕಸ್‌ನ ಚಳಿ ತಡೆಯುವ ಗುಣ ಕೊಡುತ್ತೇನೆಂದು ಪರಾಗ ಹಚ್ಚುತ್ತಾ ಕೂತರೆ ಕಾಲ ಹಾಳು, ಅವು ಬೇರೆ ಬೇರೆ ಗುಂಪಿನವು.

ಇದರಲ್ಲಿ ಒಂದು ಅಪಾಯವೂ ಇದೆ, ಅದು ನನ್ನನ್ನು ಕಾಡುತ್ತದೆ. ಮಾರಿಷಸ್‌ನ ಫ್ರಾಜಿಲಿಸ್ ಬೆರಳೆಣಿಕೆಯ ಗಿಡಗಳಾಗಿ ಬೆಟ್ಟದಲ್ಲಿ ಉಳಿದುಕೊಂಡಿದೆ. ಹತ್ತಿರ ತೋಟಗಳಿಂದ ಬಂದ ರೋಸಾ-ಸೈನೆನ್ಸಿಸ್ ಅದರ ಜೊತೆ ಬೆರೆತರೆ ಮುಂದಿನ ಪೀಳಿಗೆ ಫ್ರಾಜಿಲಿಸ್ ಆಗಿ ಉಳಿಯುವುದಿಲ್ಲ. ಕಾಡುದಾಸವಾಳ ಇರುವ ದ್ವೀಪಗಳಲ್ಲಿ ವಾಸಿಸುವವರು ತೋಟದ ದಾಸವಾಳವನ್ನು ಕಾಡಿನಂಚಿನಲ್ಲಿ ನೆಡದಿರುವುದು ಒಳ್ಳೆಯದು. ಅಲ್ಲಿ ಊರಿನದೇ ಪ್ರಭೇದದ ಸಸಿ ಸಿಕ್ಕರೆ ಅದನ್ನೇ ಆರಿಸಿ.

ಕೊನೆಗೆ ತೊಗಟೆ ಕೆರೆದ ಆ ಗಿಡದ ವಿಷಯ. ಗುದ್ದಲಿ ಒಳಗಿಟ್ಟು ಸುಮ್ಮನಿದ್ದೆ. ಐದು ವಾರದ ಮೇಲೆ ಒಂದು ಬೆಳಿಗ್ಗೆ ಪ್ರತಿ ಗಿಣ್ಣಿನಲ್ಲೂ ಅಕ್ಕಿಕಾಳಿನಷ್ಟು ಹಸಿರು ಒಡೆದಿತ್ತು. ಆ ಬೇಸಿಗೆಯಲ್ಲಿ ನಸುನೀಲಿ ಹೂವು ಬಿಟ್ಟಿತು, ನಡುವೆ ಕಡುಗೆಂಪು ಕಲೆ. ಮಾರಿದವರ ಚೀಟಿ ತೆಗೆದು, ‘ಹೈಬಿಸ್ಕಸ್’ ಮುಂದೆ ‘ಸಿರಿಯಾಕಸ್’ ಎಂದು ನಾನೇ ಪೆನ್ಸಿಲ್‌ನಲ್ಲಿ ಬರೆದು ಮತ್ತೆ ಕಟ್ಟಿದೆ.